ಕಲ್ಯಾಣದ ಖಮೀರಕ್ಕೆ ಪಡಿತರ ನಿರಾಕರಿಸಿದ ಸಾಹೇಬರಿಗೆ

ಕಲ್ಯಾಣ,
ಡಿಸೆಂಬರ್ 1949

ಹುಮನಾಬಾದಿನಲ್ಲಿ ಹೊಸದಾಗಿ ಬಂದು ಕೂತಿರುವ ಧಾನ್ಯ ಹಂಚಿಕೆಯ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಮೇಜು, ಮೇಜಿನ ಮೇಲಿನ ಗಂಟೆ, ಆ ಗಂಟೆ ಬಾರಿಸಿದರೆ ಓಡಿಬರುವ ಜವಾನರು, ಮತ್ತು ವಿಶೇಷವಾಗಿ ತಮ್ಮ ಬೆನ್ನ ಹಿಂದಿರುವ ಹಸಿರು ಬಣ್ಣದ ಕಬ್ಬಿಣದ ಅಲಮಾರು, ಇವೆಲ್ಲ ಕ್ಷೇಮವಾಗಿವೆಯೆಂದು ನಂಬಿ, ಕಲ್ಯಾಣದ ಕಿಲ್ಲೆಯ ಓಣಿಯಲ್ಲಿ ತಂದೂರು ಹೊತ್ತಿಸಿ ನಾನ್ ಸುಡುವ ಗಯಾಸುದ್ದೀನ್ ಎಂಬ ನಾನು ತಮಗೆ ಬಗ್ಗಿ ಸಲಾಮು ಸಲ್ಲಿಸುತ್ತೇನೆ. ನನಗೆ ಬರೆಯಲು ಬರುವುದು ಉರ್ದು. ಉರ್ದುವಿನ ಕಾಗದ ಕಂಡರೆ ಈಗ ತಮ್ಮ ಕಚೇರಿಯವರು ಮುಖ ತಿರುಗಿಸುವುದರಿಂದ ನಮ್ಮ ಓಣಿಯ ಮಚ್ಚೇಂದ್ರ ಮಾಸ್ತರರನ್ನು ಕೂರಿಸಿಕೊಂಡು ಇದನ್ನು ಬರೆಸುತ್ತಿದ್ದೇನೆ. ಭಾಷೆ ಅವರದು, ಸಿಟ್ಟು ನನ್ನದು. ಇದರ ಇನ್ನೊಂದು ಪ್ರತಿಯನ್ನು ಮೋಟಾರು ನಿಲ್ಲುವ ಬೇವಿನ ಮರಕ್ಕೆ ಅಂಟಿಸಲಿದ್ದೇನೆ. ತಮ್ಮ ಕೀರ್ತಿ ಒಂದೇ ಕಚೇರಿಯೊಳಗೆ ಕೊಳೆಯುವುದು ನನಗೆ ಇಷ್ಟವಿಲ್ಲ.

ಮೊದಲಿಗೆ ಅಭಿನಂದನೆ. ತಮ್ಮ ಬಾಗಿಲಿಗೆ ತಾವು ಅಂಟಿಸಿರುವ ಪ್ರಕಟಣೆಯನ್ನು ಮಾಸ್ತರರು ನನಗೆ ಎರಡು ಸಲ ಓದಿ ಹೇಳಿದರು. ಬ್ರೆಡ್ಡೆಂದರೆ ಯೀಸ್ಟು ಹಾಕಿ ತಗಡಿನ ಅಚ್ಚಿನಲ್ಲಿಟ್ಟು ಬೇಕರಿಯಲ್ಲಿ ಬೇಯಿಸಿದ್ದು ಮಾತ್ರವಂತೆ, ಉಳಿದದ್ದೆಲ್ಲ ಸ್ಥಳೀಯ ರೊಟ್ಟಿಯಂತೆ, ಹಿಟ್ಟು ಉಬ್ಬಿಸುವ ವಿದ್ಯೆ ಈ ಸೀಮೆಗೆ ಗೋರರ ಪಲ್ಟಣದ ಜೊತೆ ಬಂತಂತೆ, ಆದಕಾರಣ ಗೋಧಿ ಹಿಟ್ಟಿನ ವಿಶೇಷ ಪಾಲು ಬೇಕರಿಗಳಿಗಷ್ಟೇ ಸಲ್ಲುತ್ತದಂತೆ. ಇಷ್ಟು ದೊಡ್ಡ ಚರಿತ್ರೆಯನ್ನು ಇಷ್ಟು ಚಿಕ್ಕ ಕಾಗದದಲ್ಲಿ ಇಷ್ಟು ಸಂಪೂರ್ಣವಾಗಿ ತಪ್ಪು ಬರೆಯುವುದು ಸಾಮಾನ್ಯರ ಕೈಲಾಗುವ ಕೆಲಸವಲ್ಲ, ಸಾಹೇಬರೇ. ಕೆಳಗೆ ತಾವು ರುಜುವನ್ನೂ ಹಾಕಿದ್ದೀರಿ. ತಮ್ಮ ಧೈರ್ಯಕ್ಕೆ ನನ್ನ ಮೆಚ್ಚುಗೆ ಇದೆ.

ಹಜ್‌ಗೆ ಹೋಗಿದ್ದ ನನ್ನ ಅಜ್ಜ ಅಲ್ಲಿ ಮಿಸರ, ಅಂದರೆ ಈಜಿಪ್ಟ್ ದೇಶದವರ ಪಂಕ್ತಿಯಲ್ಲಿ ಕೂತು ಅವರ ರೊಟ್ಟಿ ತಿಂದು ಕೇಳಿಕೊಂಡು ಬಂದ ಪ್ರಕಾರ, ಸಾವಿರಾರು ವರ್ಷಗಳ ಹಿಂದೆ ಅವರಲ್ಲಿ ಯಾರೋ ಒಬ್ಬ ಮರೆಗುಳಿ ಕಲಸಿದ ಹಿಟ್ಟನ್ನು ಹಾಗೇ ಬಿಟ್ಟು, ಮಾರನೆಯ ದಿನ ನೋಡಿದರೆ ಅದು ಹುಳಿಯಾಗಿ ಉಬ್ಬಿ ಪಾತ್ರೆ ಮೀರಿತ್ತಂತೆ. ಬಿಸಾಡಲು ಮನಸ್ಸಾಗದೆ ಸುಟ್ಟು ತಿಂದರಂತೆ. ಅಲ್ಲಿಂದ ಮೃದುವಾದ ರೊಟ್ಟಿ ಲೋಕಕ್ಕೆ ಬಂತಂತೆ. ತಮ್ಮಂಥ ಅಧಿಕಾರಿ ಒಬ್ಬರು ಆಗ ಅಲ್ಲಿದ್ದಿದ್ದರೆ ಅದನ್ನು ಕೊಳೆತ ಹಿಟ್ಟೆಂದು ಜಪ್ತಿ ಮಾಡಿ, ಇಡೀ ಲೋಕ ಇವತ್ತಿಗೂ ಚಪ್ಪಟೆ ರೊಟ್ಟಿಯನ್ನೇ ತಿನ್ನುವಂತೆ ನೋಡಿಕೊಳ್ಳುತ್ತಿದ್ದರು. ಆಮೇಲೆ ಇರಾನಿನ ಕಡೆಯಿಂದ ಬಂದವರು ನಾನ್ ತಂದರು, ನವಾಬರ ಅಡುಗೆಮನೆಗಳಲ್ಲಿ ಹಾಲು ಕೇಸರಿ ಕುಡಿಸಿದ ಶೀರ್ಮಾಲ್ ಆಯಿತು, ಪಾಯಾ ಎಂಬ ಕಾಲಿನ ಸಾರಿನ ಜೊತೆ ತಿನ್ನುವವರಿಗೆ ಕುಲ್ಚಾ ಆಯಿತು. ಗೋವೆಗೆ ಬಂದ ಪೋರ್ತುಗೀಜರು ಯೀಸ್ಟು ಸಿಗದೆ ಶೇಂದಿ ಸುರಿದು ಹಿಟ್ಟು ಉಬ್ಬಿಸಿದರು. ತಾವು ತಲೆಯ ಮೇಲೆ ಹೊತ್ತುಕೊಂಡಿರುವ ಪಾವ್ ಬ್ರೆಡ್ಡಿನ ಅಜ್ಜಿ ಹುಟ್ಟಿದ್ದು ಶೇಂದಿಯ ಮಡಕೆಯಲ್ಲಿ.

ಜೋಳದ ವಿಷಯಕ್ಕೆ ಬಂದರೆ, ಅದು ಯಾರ ಮಾತು ಕೇಳಿಯೂ ಉಬ್ಬುವ ಹಿಟ್ಟಲ್ಲ, ತಮ್ಮ ಪ್ರಕಟಣೆ ಹೇಳಿದರೂ ಉಬ್ಬದು. ಅದನ್ನು ಬಿಸಿನೀರಿನಲ್ಲಿ ಕಲಸಿ, ಅಂಗೈಯಲ್ಲಿ ಬಡಿದು, ಚಂದ್ರನಷ್ಟು ಅಗಲ ಮಾಡುವ ಹೆಂಗಸು ಈ ಸೀಮೆಯಲ್ಲಿ ಮನೆಗೊಬ್ಬಳಿದ್ದಾಳೆ. ಬಿಸಿಯಾಗಿ ತಿಂದರೆ ಊಟ, ಒಣಗಿಸಿ ಇಟ್ಟರೆ ತಿಂಗಳವರೆಗೂ ಕೆಡದ ಖಡಕ್ ರೊಟ್ಟಿ. ಚಳಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ನಾಲ್ಕಾರು ಹಿಟ್ಟು ಸೇರಿಸಿ ತಟ್ಟಿದ ಧಪಾಟಿ, ಹಬ್ಬಕ್ಕೆ ಹೋಳಿಗೆ. ಇವನ್ನೆಲ್ಲ ತಾವು ‘ಸ್ಥಳೀಯ ರೊಟ್ಟಿ’ ಎಂಬ ಎರಡು ಪದದಲ್ಲಿ ತುರುಕಿ ಕೂಡಿಹಾಕಿದಿರಿ. ಇನ್ನು ತಾವು ಗೌರವಿಸುವ ಆ ತಗಡಿನ ಬ್ರೆಡ್ಡು ಸೋಲಾಪುರದಿಂದ ಲಾರಿಯಲ್ಲಿ ಮೂರನೆಯ ದಿನಕ್ಕೆ ಹುಮನಾಬಾದ್ ಮುಟ್ಟುತ್ತದೆ. ಅದನ್ನು ಬಾಯಿಗಿಡಬೇಕಾದರೆ ಹೈದರಾಬಾದಿನವರು ತುಪ್ಪದಲ್ಲಿ ಕರಿದು ಸಕ್ಕರೆ ಪಾಕದಲ್ಲಿ ಮುಳುಗಿಸಿ, ಮೇಲೆ ಬಾದಾಮಿ ಉದುರಿಸಿ, ಅದು ಬ್ರೆಡ್ಡೆಂಬುದನ್ನು ಪೂರ್ತಿ ಮರೆಮಾಚುತ್ತಾರೆ.

ಇರಲಿ. ನನ್ನ ದೂರಿಗೆ ಬರುತ್ತೇನೆ. ಭಾದ್ರಪದದಲ್ಲಿ ತಮ್ಮ ಗುಮಾಸ್ತ ಅಂಬಾದಾಸರು ಹೊಸ ಪಡಿತರ ಕಾರ್ಡು ಬರೆಯಲು ನಮ್ಮ ಓಣಿಗೆ ಬಂದಾಗ ನಾನು ತಂದೂರಿನ ಮುಂದಿದ್ದೆ. ಬಾಗಿಲಲ್ಲಿ ನಿಂತು ಉತ್ತರ ಕೊಟ್ಟವಳು ನನ್ನ ಹೆಂಡತಿ ಫಕ್ರುನ್ನೀಸಾ. ಅವರು ಕಾಗದದಿಂದ ತಲೆಯೆತ್ತದೆ, ‘ಈ ಮನ್ಯಾಗ ದಿನಾ ಹಿಟ್ಟ ತಿನ್ನೋರು ಎಷ್ಟ ಮಂದಿ ಅದಾರ್ರಿ?’ ಎಂದರು. ‘ನಾಕು ಬರ್ಕೋರಿ. ನಾನು, ನಮ್ಮ ಮನಿಯವರು, ಅತ್ತಿ, ಮತ್ತ ಖಮೀರ’ ಎಂದಳು. ಅವರು ಆ ಖಮೀರನ ವಯಸ್ಸು ಕೇಳಿದರು, ‘ಎಪ್ಪತ್ತ ದಾಟ್ಯಾವರಿ’ ಎಂದಳು. ‘ದುಡಿತಾರೇನು?’ ಎಂದರೆ ‘ಮನ್ಯಾಗ ಎಲ್ಲಾರ್ಕಿಂತ ಹೆಚ್ಚ ದುಡಿಯೋದು ಅದೇರಿ’ ಎಂದಳು. ಅಂಬಾದಾಸರಿಗೆ ಅಂದು ಇನ್ನೂ ಮೂವತ್ತು ಮನೆ ಉಳಿದಿದ್ದವು, ಹೇಳಿದ್ದನ್ನು ಹೇಳಿದಂತೆ ಬರೆದುಕೊಂಡು ಹೋದರು. ಕೇಳಿದ ಪ್ರಶ್ನೆಗೆ ನನ್ನ ಹೆಂಡತಿ ಸರಿಯಾದ ಉತ್ತರವನ್ನೇ ಕೊಟ್ಟಳು. ನಮ್ಮ ಮನೆಯಲ್ಲಿ ದಿನಾ ಹಿಟ್ಟು ತಿನ್ನುವವರು ನಾಲ್ಕೇ.

ತಮಗೆ ಖಮೀರದ ಪರಿಚಯ ಇಲ್ಲದ ಕಾರಣ ಹೇಳುತ್ತೇನೆ. ಇವತ್ತು ಉಬ್ಬಿದ ಹಿಟ್ಟಿನಿಂದ ಒಂದು ಉಂಡೆ ತೆಗೆದು ಮಡಕೆಯಲ್ಲಿಟ್ಟು, ಅದಕ್ಕೆ ಒಂದು ಹಿಡಿ ಹಿಟ್ಟು, ಒಂದಿಷ್ಟು ನೀರು ಕೊಟ್ಟು ಸಾಕಿದರೆ ನಾಳೆಯ ನಾನ್ ಅದರಿಂದ ಉಬ್ಬುತ್ತದೆ. ಅದು ಜೀವ. ಒಂದೆರಡು ದಿನ ಉಪವಾಸ ಕೆಡವಿದರೆ ಮುನಿಸಿಕೊಳ್ಳುತ್ತದೆ, ವಾರಗಟ್ಟಲೆ ಕೆಡವಿದರೆ ಸಾಯುತ್ತದೆ. ನಮ್ಮದನ್ನು ನನ್ನ ಅಜ್ಜ ಹೂಡಿದ್ದು. ನಮ್ಮಲ್ಲಿ ಒಂದು ಪದ್ಧತಿ ಇದೆ: ಯಾರೇ ಬಂದು ಖಮೀರ ಕೇಳಿದರೂ ಇಲ್ಲವೆನ್ನುವಂತಿಲ್ಲ, ತೆಗೆದುಕೊಂಡವರು ಎಂಟನೆಯ ದಿನ ತಮ್ಮ ಹಿಟ್ಟಿನದೊಂದು ಉಂಡೆ ತಂದು ತಿರುಗಿ ಕೊಡಬೇಕು, ಅದು ತಿರುಗಿ ಬರುವವರೆಗೆ ಕೊಟ್ಟವಳು ಯಾರಿಗೆ ಕೊಟ್ಟೆನೆಂದು ಗಂಡನ ಮುಂದೆಯೂ ಬಾಯಿ ಬಿಡಬಾರದು, ಬಿಟ್ಟರೆ ಆ ಮನೆಯ ಹಿಟ್ಟು ಏಳದು ಎಂಬುದು ನಮ್ಮ ಹೆಂಗಸರ ನಂಬಿಕೆ. ತಮ್ಮ ಕಾನೂನಿಗಿಂತ ಇದನ್ನು ಅವರು ಹೆಚ್ಚು ಪಾಲಿಸುತ್ತಾರೆ.

ನಾಲ್ಕೂ ಮಂದಿ ಖುದ್ದಾಗಿ ಹುಮನಾಬಾದಿಗೆ ಹಾಜರಾಗಬೇಕೆಂದು ತಮ್ಮ ನೋಟೀಸು ಬಂತು. ನಾವು ಕಾನೂನು ಮೀರುವವರಲ್ಲ. ಎಪ್ಪತ್ತೈದರ ನನ್ನ ತಾಯಿಯನ್ನು ಮೋಟಾರು ಹತ್ತಿಸಿದೆ, ಮಡಕೆಯನ್ನು ಫಕ್ರುನ್ನೀಸಾ ತೊಡೆಯ ಮೇಲಿಟ್ಟುಕೊಂಡಳು. ತಮ್ಮ ಕಚೇರಿಯ ಜಗಲಿಯ ಮೇಲೆ ಬೆಳಗಿನಿಂದ ಮೂರು ತಾಸು ಕೂತೆವು. ಅಲ್ಲೊಬ್ಬ ಹೆಂಗಸು ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು. ನನ್ನ ಹೆಂಡತಿ ಅವಳ ಪಕ್ಕಕ್ಕೆ ಹೋಗಿ ಕೂತು ಸಮಾಧಾನ ಹೇಳುತ್ತಿದ್ದಳು. ತಮ್ಮ ಬಾಗಿಲ ಮುಂದೆ ಅಳುವವರು ದಿನಾ ಇರುತ್ತಾರಾದ್ದರಿಂದ ನಾನು ವಿಚಾರಿಸಲಿಲ್ಲ.

ಒಳಗೆ ತಾವು ಮಡಕೆಯ ಬಟ್ಟೆ ಸರಿಸಿ ನೋಡಿ, ಕೂಡಲೇ ಮೂಗಿಗೆ ಕರವಸ್ತ್ರ ಹಿಡಿದಿರಿ. ಕೊಳೆತ ಹಿಟ್ಟೆಂದಿರಿ. ಇಲ್ಲದ ಮನುಷ್ಯನ ಹೆಸರಲ್ಲಿ ಪಡಿತರ ಬೇಡಿದ ಬೋಗಸ್ ಕಾರ್ಡೆಂದಿರಿ. ಹಳೆಯ ಕಾರ್ಡು ತೆಗೆಸಿ ನೋಡಿ, ಸತ್ತ ತಮ್ಮನ ಪಾಲಿನ ಹಿಟ್ಟು ಬಿಡಲಾರದೆ ಅವನ ಜಾಗಕ್ಕೆ ಮಡಕೆ ಕೂರಿಸಿದ್ದೀರೆಂದಿರಿ. ಮುಚ್ಚಳದ ಸುತ್ತ ಬಟ್ಟೆ ಬಿಗಿಸಿ, ಅರಗಿನ ಮುದ್ರೆ ಒತ್ತಿಸಿ, ಸಾಕ್ಷಿಯೆಂದು ಚೀಟಿ ಅಂಟಿಸಿ ಅಲಮಾರಿನಲ್ಲಿಟ್ಟು ಕೀಲಿ ಹಾಕಿದಿರಿ. ದಿನಕ್ಕೊಂದು ಹಿಡಿ ಹಿಟ್ಟು ಹಾಕಲು ಬಿಡಿ ಎಂದು ನನ್ನ ತಾಯಿ ಕೈ ಮುಗಿದರು. ಸಾಕ್ಷಿಗೆ ಊಟ ಹಾಕುವ ನಿಯಮವಿಲ್ಲ ಎಂದಿರಿ.

ನನ್ನ ತಮ್ಮ ಯುನೂಸನ ಕುರಿತ ಆ ಮಾತಿಗೆ ಉತ್ತರ ಕೊಡುತ್ತೇನೆ, ಇಲ್ಲಿ ಮಾತ್ರ ನನ್ನಿಂದ ತಮಾಷೆ ಮಾಡಲಾಗದು. ಹೋದ ವರ್ಷ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಗಲಾಟೆಯ ದಿನ ಯುನೂಸ್ ಬೆಳಿಗ್ಗೆ ಹಿಟ್ಟು ನಾದಿ, ಖಮೀರಕ್ಕೆ ಉಂಡೆ ತೆಗೆದಿಟ್ಟು, ತಂದೂರಿಗೆ ಕಟ್ಟಿಗೆ ತರಲು ಹೋದವನು ತಿರುಗಿ ಬರಲಿಲ್ಲ. ಎದುರು ಮನೆಯ ಕಮಳಾಬಾಯಿಯವರು ನಮ್ಮನ್ನು ಒಂಬತ್ತು ದಿನ ತಮ್ಮ ಕಾಳಿನ ಕೋಣೆಯಲ್ಲಿ ಇಟ್ಟುಕೊಂಡು ಬಾಗಿಲಿಗೆ ತಾವೇ ಅಡ್ಡ ಕೂತರು. ಓಡುವಾಗ ಫಕ್ರುನ್ನೀಸಾ ಎತ್ತಿಕೊಂಡದ್ದು ಈ ಮಡಕೆಯೊಂದನ್ನೇ. ‘ಮಂದಿ ಬಂಗಾರ ಹೊತ್ಕೊಂಡ ಬರ್ತಾರ, ನೀ ಹಿಟ್ಟ ಹೊತ್ಕೊಂಡ ಬಂದೀಯಲ್ಲವ್ವಾ’ ಎಂದು ಬೈದು, ದಿನಾ ಒಂದು ಹಿಡಿ ಜೋಳದ ಹಿಟ್ಟು ಅದಕ್ಕೂ ತಂದು ಹಾಕಿದವರು ಕಮಳಾಬಾಯಿ. ಗೋಧಿಯಿಲ್ಲದೆ ಒಂಬತ್ತು ದಿನ ಜೋಳ ತಿಂದುಕೊಂಡು ಅದು ಬದುಕಿತು. ಯುನೂಸನ ಹೆಸರನ್ನು ಕಾರ್ಡಿನಿಂದ ತೆಗೆಸಲು ನಾನೇ ನಡೆದು ಬಂದಿದ್ದೆ, ತಮ್ಮ ಹಿಂದಿನವರನ್ನು ಕೇಳಿ. ಅವನ ಗೋರಿ ಎಲ್ಲಿದೆಯೋ ನಮಗೆ ಗೊತ್ತಿಲ್ಲ. ಅವನ ಕೈಯ ಹಿಟ್ಟು ಆ ಮಡಕೆಯಲ್ಲಿತ್ತು. ಮೊಸರು ಬೆರೆಸಿ ಹೊಸ ಖಮೀರ ಹೂಡಬಹುದು, ಐದಾರು ದಿನದ ಕೆಲಸ. ಅದರಲ್ಲಿ ಅವನು ಇರುವುದಿಲ್ಲ.

ಮಡಕೆ ತಮ್ಮ ಅಲಮಾರು ಸೇರಿ ಇವತ್ತಿಗೆ ಇಪ್ಪತ್ತೊಂದು ದಿನವಾಯಿತು. ತಂದೂರು ತಣ್ಣಗಿದೆ, ನನ್ನ ತಾಯಿ ಮೂಲೆಯ ಖಾಲಿ ಜಾಗ ನೋಡುತ್ತ ಕೂರುತ್ತಾರೆ. ಆದ್ದರಿಂದ ತಮ್ಮ ಘನತೆಗೆ ತಕ್ಕಂತೆ ಕೆಲವು ಬೇಡಿಕೆಗಳನ್ನು ಮುಂದಿಡುತ್ತೇನೆ. ಖಮೀರ ಬೋಗಸ್ ಮನುಷ್ಯನಾಗಿದ್ದರೆ ಅವನ ಮೇಲೆ ಮೊಕದ್ದಮೆ ಹೂಡಿ, ವಕೀಲರನ್ನು ಕೊಟ್ಟು, ಕಟಕಟೆಯಲ್ಲಿ ನಿಲ್ಲಿಸಿ ಪ್ರಮಾಣ ಮಾಡಿಸಬೇಕು. ಅವನು ಕೈದಿಯಾಗಿದ್ದರೆ, ಜೈಲಿನ ಕೈದಿಗೂ ದಿನಕ್ಕೆರಡು ರೊಟ್ಟಿ ಉಂಟಾದ್ದರಿಂದ, ಈ ಇಪ್ಪತ್ತೊಂದು ದಿನದ ಹಿಟ್ಟನ್ನು ತಾವೇ ಖುದ್ದಾಗಿ, ಕರವಸ್ತ್ರ ಹಿಡಿಯದೆ, ಅವನಿಗೆ ತಿನ್ನಿಸಬೇಕು. ಸತ್ತಿದ್ದರೆ ಮರಣಪತ್ರ ಬರೆದುಕೊಡಬೇಕು; ಕಾರಣದ ಅಂಕಣದಲ್ಲಿ ‘ಸಾಹೇಬರಿಗೆ ಗೊತ್ತಿರಲಿಲ್ಲ’ ಎಂದಷ್ಟೇ ಬರೆದರೆ ಸಾಕು. ಮತ್ತು ಬಾಗಿಲಿನ ಆ ಪ್ರಕಟಣೆಯನ್ನು ಸೋಲಾಪುರಕ್ಕೆ ಕಳಿಸಿ ತಗಡಿನ ಅಚ್ಚಿನಲ್ಲಿಟ್ಟು ಬೇಯಿಸಬೇಕು. ಅದು ಉಬ್ಬಿದರೆ ನಾನು ತಮ್ಮ ಚರಿತ್ರೆಯನ್ನು ಒಪ್ಪುತ್ತೇನೆ.

ಇಷ್ಟು ಬರೆಸಿ, ತಮ್ಮ ಅಮೂಲ್ಯ ವೇಳೆಯನ್ನು ಇನ್ನಷ್ಟು ಹಾಳುಮಾಡಲು ಕಾಗದ ಸಾಲದೆ ನಿಲ್ಲಿಸುತ್ತಿರುವ,

ತಮ್ಮ ವಿಶ್ವಾಸಿ, ಹಾಗೂ ತಮ್ಮ ಅಲಮಾರಿನ ಕೈದಿಯ ವಾರಸುದಾರ,
ಗಯಾಸುದ್ದೀನ್

ತಾಜಾ ಕಲಂ: ಮಾಸ್ತರರು ಕಾಗದ ಮಡಚುತ್ತಿರುವಾಗ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತದ್ದರಿಂದ ಮತ್ತೆ ಬಿಚ್ಚಿಸಬೇಕಾಯಿತು. ಅಂದು ತಮ್ಮ ಜಗಲಿಯಲ್ಲಿ ಅಳುತ್ತಿದ್ದವಳು ಅವಳೇ. ಹೆಸರು ಸರ್ವರಿ, ಹುಮನಾಬಾದಿನ ಪಕ್ಕದ ಹುಡಗಿ ಎಂಬ ಊರಿನವಳು, ನಿನ್ನೆಯವರೆಗೆ ತಮ್ಮ ಬಂಗಲೆಯಲ್ಲಿ ಅಡುಗೆ ಮಾಡುತ್ತಿದ್ದವಳು. ಅವಳ ರೊಟ್ಟಿ ಚಪ್ಪಲಿಯ ತೊಗಲಿನಂತಿದೆ, ಉಬ್ಬಿದ ಬ್ರೆಡ್ಡು ಮಾಡಲು ಬಾರದಿದ್ದರೆ ಮನೆಗೆ ಹೋಗು ಎಂದು ಆ ಬೆಳಿಗ್ಗೆ ತಾವು ಅವಳನ್ನು ಗದರಿಸಿದ್ದಿರಂತೆ, ಕೆಲಸ ಉಳಿಸಿರೆಂದು ಬೇಡಿಕೊಳ್ಳಲು ಅವಳು ಕಚೇರಿಗೆ ಬಂದಿದ್ದಳಂತೆ. ಅವಳು ಖಮೀರ ಕೇಳಿದಳು, ನನ್ನ ಹೆಂಡತಿ ಇಲ್ಲವೆನ್ನುವಂತಿರಲಿಲ್ಲ. ತಾವು ಮಡಕೆಗೆ ಮುದ್ರೆ ಒತ್ತುವ ಮೊದಲೇ ಅದರಿಂದ ಒಂದು ಉಂಡೆ ಸರ್ವರಿಯ ಸೆರಗು ಸೇರಿತ್ತು. ಪದ್ಧತಿಯ ಪ್ರಕಾರ ಫಕ್ರುನ್ನೀಸಾ ಇಪ್ಪತ್ತೊಂದು ದಿನ ನನ್ನ ಮುಂದೆ ಬಾಯಿ ಬಿಡಲಿಲ್ಲ. ಎಂಟನೆಯ ದಿನ ಉಂಡೆ ತಿರುಗಿ ತರಬೇಕಾಗಿದ್ದವಳಿಗೆ ತಾವು ಒಂದು ದಿನವೂ ರಜೆ ಕೊಡಲಿಲ್ಲವಂತೆ. ಕಡೆಗೆ ನಿನ್ನೆ ಕೆಲಸ ಬಿಟ್ಟು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಉಂಡೆ ಹಿಡಿದು ಇಂದು ಬಂದಿದ್ದಾಳೆ. ‘ಸಾಹೇಬ್ರು ಈ ಖಮೀರದ ರೊಟ್ಟಿ ದಿನಾ ನಾಕ್ ನಾಕ್ ತಿಂತಿದ್ರು, ಬ್ರೆಡ್ ಅಂದ್ರ ಇದು ನೋಡ್ ಅಂತಿದ್ರು. ಬರೀರಿ ಮಾಮು, ನನ್ನ ಹೆಸರ ಹಾಕೇ ಬರೀರಿ’ ಎನ್ನುತ್ತಿದ್ದಾಳೆ. ನನ್ನ ತಾಯಿ ಆ ಉಂಡೆಯನ್ನು ಮೂಸಿ, ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದಾರೆ. ನಾಳೆ ತಂದೂರು ಹೊತ್ತಿಸುತ್ತೇನೆ, ಮೊದಲ ನಾನ್ ಕಮಳಾಬಾಯಿಯವರಿಗೆ. ಅಲಮಾರಿನ ಕೀಲಿ ತಮ್ಮಲ್ಲೇ ಇರಲಿ. ತಮ್ಮ ಅಡುಗೆಮನೆಯ ಕಿಟಕಿಯ ಪಕ್ಕದ ನೀಲಿ ಜಾಡಿಯಲ್ಲಿ ಅರ್ಧ ಖಮೀರವನ್ನು ಸರ್ವರಿ ತಮಗಾಗಿ ಬಿಟ್ಟು ಬಂದಿದ್ದಾಳೆ, ಮರೆಯದೆ ದಿನಕ್ಕೊಂದು ಹಿಡಿ ಹಿಟ್ಟು ಹಾಕಿರಿ. ಇನ್ನು ಮುಂದೆ ಯಾರ ಮನೆಯಲ್ಲಿ ಹಿಟ್ಟು ತಿನ್ನುವವರು ಕಾರ್ಡಿಗಿಂತ ಒಬ್ಬರು ಹೆಚ್ಚಿದ್ದಾರೆಂದು ತಪಾಸಣೆ ಮಾಡುವುದಿದ್ದರೆ, ದಯಮಾಡಿ ತಮ್ಮ ಬಂಗಲೆಯಿಂದಲೇ ಶುರು ಮಾಡಿರಿ.