ಒಂದು ಕೆಮ್ಮಿಗೆ ಎಡಕ್ಕೆ, ಎರಡು ಕೆಮ್ಮಿಗೆ ಬಲಕ್ಕೆ

ರೇಡಿಯೋದಲ್ಲಿ ಹತ್ತು ನಿಮಿಷ ಮಾತನಾಡಿದ್ದೇ ಷಣ್ಮುಖಪ್ಪನಿಗೆ ಮುಳುವಾಯಿತು.

ಅಜ್ಜಂಪುರದ ಹೈಸ್ಕೂಲಿನಲ್ಲಿ ಅವನು ವಿಜ್ಞಾನದ ಮೇಷ್ಟ್ರು. ಬಿ.ಎಸ್ಸಿ. ಓದುವಾಗ ಸಸ್ಯಶಾಸ್ತ್ರದ ಪುಸ್ತಕದಲ್ಲಿ ಜೌಗುಕಾಡಿನ ಬಗ್ಗೆ ಒಂದೂವರೆ ಪುಟವಿತ್ತು. ಕೆಮ್ಮಣ್ಣುಗುಂಡಿಯ ಬುಡದಲ್ಲಿ ಅಂಥದೊಂದು ಕಾಡಿದೆಯೆಂದು ಬಸ್ಸಿನಲ್ಲಿ ಪಕ್ಕದವನು ಹೇಳಿದ್ದ. ಈ ಎರಡನ್ನೂ ಕಲಸಿ, ತೊರೆ, ತಿರುವು, ಬಿದಿರು ಮೆಳೆಗಳನ್ನು ಕೈಯಿಂದ ಹಾಕಿ ‘ಜೌಗುಕಾಡಿನಲ್ಲಿ ಒಂದು ಬೆಳಗು’ ಎಂಬ ಭಾಷಣ ಬರೆದ. ರೇಡಿಯೋದವರು ಓದಿಸಿದರು. ಜನ ಮೆಚ್ಚಿದರೆಂದು ಇನ್ನೊಮ್ಮೆಯೂ ಹಾಕಿದರು. ಷಣ್ಮುಖಪ್ಪ ಹುಟ್ಟಿ ಬೆಳೆದದ್ದು ಸಿಂಗಟಗೆರೆಯ ಒಣನೆಲದಲ್ಲಿ. ಕೆರೆ ಬತ್ತುವಾಗ ತೂಬಿನ ಬಳಿ ಉಳಿಯುವ ಕೆಸರನ್ನು ಬಿಟ್ಟರೆ ಬೇರೆ ಜೌಗನ್ನು ಅವನು ಕಂಡವನೇ ಅಲ್ಲ.

“ಸೈನ್ಸ್ ಮೇಷ್ಟ್ರೇ, ನಮ್ಮನೇಲಿ ಎಲ್ಲಾ ಕೇಳಿದ್ವಿ ಕಣ್ರೀ,” ಎಂದರು ಹೆಡ್‌ಮಾಸ್ಟರ್ ಮಲ್ಲಿಕಾರ್ಜುನಯ್ಯನವರು. “ಪಂಕಜಂಗೂ ಹಿಡಿಸ್ತು. ಈ ಭಾನುವಾರ ನಮ್ಮನ್ನೆಲ್ಲ ಕರ್ಕೊಂಡ್ಹೋಗಿ ತೋರಿಸಿ. ನಿಮಗೆ ಅಂಗೈ ಮೇಲಿನ ಗೆರೆ ಇದ್ದಂಗಲ್ವಾ ಆ ಕಾಡು?”

ಅವರ ಮಗಳು ಪಂಕಜಾಕ್ಷಿಯ ಹೆಸರು ಬಂದ ಮೇಲೆ ಷಣ್ಮುಖಪ್ಪನ ನಾಲಿಗೆ ಅವನ ಮಾತು ಕೇಳಲಿಲ್ಲ. “ಅದಕ್ಕೇನು ಸಾರ್, ಕಣ್ಣು ಮುಚ್ಚಿಕೊಂಡು ಕರ್ಕೊಂಡ್ಹೋಗ್ತೀನಿ,” ಎಂದುಬಿಟ್ಟ.

ಹೆಡ್‌ಮಾಸ್ಟರು ಎರಡನೇ ಮಗಳಿಗೆ ಗಂಡು ಹುಡುಕುತ್ತಿದ್ದದ್ದು ಶಾಲೆಯ ಗಂಟೆ ಬಾರಿಸುವವನಿಗೂ ಗೊತ್ತಿತ್ತು. ಸ್ಟಾಫ್ ರೂಮಿನಲ್ಲಿ ಅವರ ಜನದ ಬ್ರಹ್ಮಚಾರಿಗಳು ಇಬ್ಬರೇ. ಒಬ್ಬ ಷಣ್ಮುಖಪ್ಪ, ಇನ್ನೊಬ್ಬ ಡ್ರಾಯಿಂಗ್ ಮೇಷ್ಟ್ರು ತೀರ್ಥಪ್ಪ. “ಹುಡುಗ ಎಂಥೋನು ಅಂತ ಕುರ್ಚಿ ಮೇಲೆ ಕೂತಾಗ ಗೊತ್ತಾಗಲ್ಲ, ಹೊರಗಡೆ ಹೋದಾಗ ಗೊತ್ತಾಗುತ್ತೆ,” ಎಂದು ಹೆಡ್‌ಮಾಸ್ಟರು ಯಾರಿಗೋ ಹೇಳಿದ್ದರಂತೆ. ಅಂದರೆ ಭಾನುವಾರದ್ದು ಬರೀ ಕಾಡು ನೋಡುವ ಕೆಲಸವಲ್ಲ, ಗಂಡು ನೋಡುವ ಶಾಸ್ತ್ರ. ತೀರ್ಥಪ್ಪನೂ ಬರುತ್ತೇನೆಂದ. ಅವನ ಮೀಸೆಯ ತುದಿಯಲ್ಲಿ ನಗುವೊಂದು ಇರುವೆಯಂತೆ ಹರಿಯುತ್ತಿತ್ತು.

ಶನಿವಾರ ಮಧ್ಯಾಹ್ನ ಷಣ್ಮುಖಪ್ಪ ತರೀಕೆರೆಗೆ ಓಡಿದ. ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ, ಆ ಕಾಡಿನ ಹಾದಿ ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಕೇಳಿದ. ಮೂಲೆಯಲ್ಲಿ ಬೀಡಿ ಸೇದುತ್ತಿದ್ದ ಮುದುಕನೊಬ್ಬ ಎದ್ದು ನಿಂತ. ಹೆಸರು ಬೀರಯ್ಯ.

“ಆ ಜೌಗಿನ ಕಾಡು ತಾನೇ ಸ್ವಾಮಿ? ಅದ್ರ ಹಾದಿ ನಂಗೆ ಬಾಯಿಪಾಠ.”

ಷಣ್ಮುಖಪ್ಪನಿಗೆ ಹೋದ ಜೀವ ಬಂತು. ಅಲ್ಲೇ ಕರಾರಾಯಿತು. ಬೀರಯ್ಯ ಬುತ್ತಿ ಹೊರುವ ಆಳಿನಂತೆ ಕಟ್ಟಕಡೆಯಲ್ಲಿ ಬರಬೇಕು. ದಾರಿ ಗೊತ್ತೆಂದು ಯಾರ ಮುಂದೂ ಬಾಯಿ ಬಿಡಕೂಡದು. ಎಡಕ್ಕೆ ತಿರುಗಬೇಕಾದಾಗ ಒಂದು ಸಲ ಕೆಮ್ಮಬೇಕು. ಬಲಕ್ಕಾದರೆ ಎರಡು ಸಲ.

“ಕೆಮ್ಮೋದೇನು ಕಷ್ಟ ಬುದ್ಧಿ, ನಿಲ್ಲಿಸೋದು ಕಷ್ಟ,” ಎಂದ ಬೀರಯ್ಯ. ಆ ಮಾತನ್ನು ಷಣ್ಮುಖಪ್ಪ ಆಗ ಗಮನಿಸಬೇಕಾಗಿತ್ತು.

ಭಾನುವಾರ ಹತ್ತು ಗಂಟೆಗೆ ಕೆಮ್ಮಣ್ಣುಗುಂಡಿಯ ಬಸ್ಸು ಅವರನ್ನು ಒಂದು ತಿರುವಿನಲ್ಲಿ ಇಳಿಸಿ ಹೋಯಿತು. ಮುಂದೆ ಷಣ್ಮುಖಪ್ಪ, ಹಿಂದೆ ಹೆಡ್‌ಮಾಸ್ಟರು, ಅವರ ಹೆಂಡತಿ ಈಶ್ವರಮ್ಮ, ಕೊಡೆ ಹಿಡಿದ ಪಂಕಜಾಕ್ಷಿ, ಹೊಸ ಚಪ್ಪಲಿಯ ತೀರ್ಥಪ್ಪ. ಕೊನೆಯಲ್ಲಿ ರೊಟ್ಟಿ ಬುತ್ತಿ ಹೊತ್ತ ಬೀರಯ್ಯ.

ಕಾಡಿನೊಳಗೆ ಹೊಕ್ಕ ಕೂಡಲೇ ಬಿಸಿಲು ಆರಿಹೋಯಿತು. ನೀರು ಎಲ್ಲಿ ನಿಂತಿದೆ, ಎಲ್ಲಿ ಹರಿಯುತ್ತಿದೆ ಎಂದು ತಿಳಿಯುವಂತಿರಲಿಲ್ಲ. ಕಪ್ಪು ಕೆಸರಿನಿಂದ ಬೇರುಗಳು ಮಡಿಸಿದ ಮೊಣಕಾಲಿನಂತೆ ಮೇಲೆದ್ದು ಮತ್ತೆ ಕೆಸರಿಗೇ ಇಳಿದಿದ್ದವು. ಪುಸ್ತಕದ ಚಿತ್ರ ಸುಳ್ಳು ಹೇಳಿರಲಿಲ್ಲ ಎಂದು ಷಣ್ಮುಖಪ್ಪನಿಗೆ ನಿಜಕ್ಕೂ ರೋಮಾಂಚನವಾಯಿತು.

“ನೋಡಿ, ಕೆಸರಿನೊಳಗೆ ಗಾಳಿ ಇರೋದಿಲ್ಲ. ಉಸಿರಾಡೋಕೆ ಬೇರೇ ಮೇಲಕ್ಕೆ ಬರುತ್ತೆ.”

“ಥೇಟ್ ನಮ್ಮ ಹಾಗೇ,” ಎಂದಳು ಪಂಕಜಾಕ್ಷಿ. ಅವಳ ಸೀರೆಯ ಅಂಚು ಆಗಲೇ ಕಪ್ಪಾಗಿತ್ತು.

ಹಿಂದಿನಿಂದ ಒಂದು ಕೆಮ್ಮು ಬಂತು. ಷಣ್ಮುಖಪ್ಪ ಎಡಕ್ಕೆ ತಿರುಗಿದ. ಸ್ವಲ್ಪ ದೂರದಲ್ಲಿ ಎರಡು ಕೆಮ್ಮು. ಬಲಕ್ಕೆ ತಿರುಗಿದ. ಎಲ್ಲವೂ ಎಣ್ಣೆ ಹಾಕಿದ ಯಂತ್ರದಂತೆ ನಡೆಯಿತು.

“ನೀವು ಹಿಂಗೆ ಕಾಡು ಸುತ್ತೋಕೆ ಹೋದ್ರೆ ಎಷ್ಟು ದಿನ ಆಗುತ್ತಪ್ಪಾ?” ಎಂದು ಈಶ್ವರಮ್ಮ ಕೇಳಿದರು.

“ನಾಲ್ಕು ದಿನ, ಐದು ದಿನ, ಲೆಕ್ಕವೇ ಇರಲ್ಲಮ್ಮ. ಕಾಡು ಅಂದ್ರೆ ನಂಗೆ ಮನೆ ನೆನಪೇ ಬರಲ್ಲ.”

“ಊಟ?”

“ಗೆಡ್ಡೆ ಗೆಣಸು!”

ಈಶ್ವರಮ್ಮ “ಓ” ಎಂದರು. ಅದು ಮೆಚ್ಚುಗೆಯ ‘ಓ’ ಎಂದೇ ಅವನು ತಿಳಿದ.

ಮೊದಲ ತೊಂದರೆ ಹೆಡ್‌ಮಾಸ್ಟರಿಂದ ಬಂತು. ತಂಪಿಗೆ ಅವರ ಗಂಟಲು ಕಟ್ಟಿತು. ಅವರು ಕೆಮ್ಮಿದರು. ಷಣ್ಮುಖಪ್ಪ ಎಡಕ್ಕೆ ಹೊರಳಿದ. ಅವರು ಮತ್ತೆ ಎರಡು ಸಲ ಕೆಮ್ಮಿದರು. ಅವನು ಬಲಕ್ಕೆ ಹೊರಳಿದ. ಅಷ್ಟರಲ್ಲಿ ಬೀರಯ್ಯನಿಗೆ ಬೀಡಿಯ ಕೆಮ್ಮು ಹತ್ತಿತು. ಇಬ್ಬರ ಕೆಮ್ಮೂ ಕೂಡಿ ಕಾಡೆಲ್ಲ ಒಂದು ದವಾಖಾನೆಯಾಯಿತು. ಷಣ್ಮುಖಪ್ಪ ಎಣಿಸುತ್ತ ಎಣಿಸುತ್ತ ಮದುವೆ ಮನೆಯಲ್ಲಿ ಚಪ್ಪಲಿ ಕಳೆದುಕೊಂಡವನಂತೆ ಎಡಕ್ಕೂ ಬಲಕ್ಕೂ ಓಡಾಡಿದ. ಉಳಿದವರು ಸೂಜಿಯ ಹಿಂದಿನ ದಾರದಂತೆ ಅವನ ಹಿಂದೆಯೇ ಸುತ್ತಿದರು.

“ಏನ್ರೀ ಮೇಷ್ಟ್ರೇ,” ತೀರ್ಥಪ್ಪ ಕೂಗಿದ, “ಈ ಗೂನು ಬೆನ್ನಿನ ಮರ ನೋಡ್ತಿರೋದು ಇದು ಮೂರನೇ ಸಲ.”

“ಮೂರು ಕಡೆಯಿಂದ ನೋಡಿದ್ರೇನೇ ಬೇರಿನ ರಚನೆ ತಿಳಿಯೋದು.”

“ಹಂಗಾದ್ರೆ ನಾಲ್ಕನೇ ಕಡೆಯಿಂದ ನಾನೊಬ್ನೇ ನೋಡ್ತೀನಿ,” ಎಂದು ತೀರ್ಥಪ್ಪ ಪಕ್ಕಕ್ಕೆ ಕಾಲಿಟ್ಟ. ಇಟ್ಟ ಕಾಲು ತೊಡೆಯವರೆಗೆ ಇಳಿಯಿತು. ಮೀಸೆಯ ಮೇಲಿನ ನಗು ಅಲ್ಲೇ ಸತ್ತುಬಿತ್ತು.

“ಅಯ್ಯಯ್ಯೋ, ಅಮ್ಮಾ! ಹಿಡ್ಕೊಳ್ರೀ ಯಾರಾದ್ರೂ! ನಂಗೆ ಈ ಕಾಡುಗೀಡು ಒಂದೂ ಗೊತ್ತಿಲ್ಲ ಸಾರ್, ಮನೆಗೆ ಹೋಗ್ಬಿಡೋಣ!”

ಪಂಕಜಾಕ್ಷಿ ಕೊಡೆಯ ಹಿಡಿ ಚಾಚಿದಳು. ಈಶ್ವರಮ್ಮ ರಟ್ಟೆ ಹಿಡಿದರು. ಕಾಲು ಬಂತು, ಚಪ್ಪಲಿ ಬರಲಿಲ್ಲ. ಮೀನಖಂಡದ ಮೇಲೆ ಎರಡು ಜಿಗಣೆಗಳು ಮಾತ್ರ ಬಂದವು. ಅವನ್ನು ಕಂಡು ತೀರ್ಥಪ್ಪ ಬೇರಿನ ಮೇಲೆ ಕುಸಿದು ಕೂತ.

ಷಣ್ಮುಖಪ್ಪನಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ. ಆದರೆ ದಾರಿ ಬೇಕಿತ್ತು. ಬುತ್ತಿ ನೋಡುವ ನೆವದಿಂದ ಬೀರಯ್ಯನನ್ನು ಮರದ ಮರೆಗೆ ಎಳೆದ.

“ಈಗ ಕೆಮ್ಮಿದ್ದು ಐದು ಸಲಾನೋ, ಆರು ಸಲಾನೋ?”

“ಅದ್ರಲ್ಲಿ ಮೂರು ಹೆಡ್‌ಮೇಷ್ಟ್ರುದು ಸ್ವಾಮಿ. ಎರಡು ಬೀಡೀದು. ದಾರೀದು ಒಂದೇ.”

“ಸರಿ, ಈಗ ಎಲ್ಲಿದೀವಿ?”

“ಅದೇ ತಿಳೀವಲ್ದು. ಮೂರನೇ ತೊರೆ ದಾಟಿದ್ಮೇಲೆ ಬಿದಿರು ಮೆಳೆ ಬರ್ಬೇಕಿತ್ತು. ಬರ್ಲೇ ಇಲ್ಲ ನೋಡಿ.”

“ಹೋದ ಸಲ ಬಂದಾಗ ಇತ್ತೇನು?”

“ಹೋದ ಸಲ ಯಾವಾಗ ಬಂದಿದ್ದೆ? ನಾನು ಅಮೃತಾಪುರದೋನು ಬುದ್ಧಿ, ಈ ಕಾಡಿಗೆ ಕಾಲಿಟ್ಟಿದ್ದು ಇವತ್ತೇ. ರೇಡಿಯೋದಲ್ಲಿ ಯಾರೋ ಭಾರಿ ತಿಳ್ಕೊಂಡೋರು ಹೇಳಿದ್ರು. ಹೆಸರು ನೆಪ್ಪಿಲ್ಲ. ಎರಡು ಸಲ ಕೇಳಿ ಪೂರಾ ಬಾಯಿಪಾಠ ಮಾಡ್ಕೊಂಡಿದೀನಿ.”

ಷಣ್ಮುಖಪ್ಪ ಮರವನ್ನು ಹಿಡಿದುಕೊಂಡ. ಭಾಷಣ ಅರ್ಧ ನಿಮಿಷ ಕಡಿಮೆ ಬಿದ್ದಿತ್ತೆಂದು ಅವನು ಕೊನೆಯಲ್ಲಿ ನೆಟ್ಟ ಬಿದಿರು ಅದು. ಬೆಳಗಿನಿಂದ ಅವನು ಬೀರಯ್ಯನನ್ನು ನಂಬಿ ನಡೆದಿದ್ದ, ಬೀರಯ್ಯ ಅವನನ್ನು ನಂಬಿ ಕೆಮ್ಮಿದ್ದ.

“ಯಾರ್ ಸ್ವಾಮಿ ಅವ್ರು? ಸಿಕ್ರೆ ಕೇಳ್ಬೇಕಿತ್ತು,” ಎಂದ ಬೀರಯ್ಯ.

ಅಷ್ಟರಲ್ಲಿ ಎಡಗಡೆಯಿಂದ ಗಂಟೆಯ ಸದ್ದು ಕೇಳಿಸಿತು. ಬೇರುಗಳ ನಡುವಿನಿಂದ ಒಂದು ಮುದಿ ಎಮ್ಮೆ ಹೊರಟು ಬಂತು. ಜೀವಮಾನದಲ್ಲಿ ಮೊದಲ ಬಾರಿಗೆ ಷಣ್ಮುಖಪ್ಪ ಪುಸ್ತಕ ಬಿಟ್ಟು ಕಣ್ಣಿನಿಂದ ನೋಡಿದ. ಎಮ್ಮೆಗೆ ಕೆಸರು ಮೊಣಕಾಲಿನವರೆಗೆ ಮಾತ್ರ ಹತ್ತಿತ್ತು. ಅಂದರೆ ಅದು ನಡೆವ ಕಡೆ ನೆಲ ಗಟ್ಟಿ. ಕೊರಳಲ್ಲಿ ಗಂಟೆಯಿದೆ, ಅಂದರೆ ಒಡೆಯನಿದ್ದಾನೆ. ಕೆಚ್ಚಲು ಬಿಗಿದಿದೆ, ಅಂದರೆ ಮನೆಗೆ ಹೋಗುವ ಹೊತ್ತು.

“ಬನ್ನಿ ಸಾರ್, ಇಲ್ಲಿಂದ ಹತ್ತಿರದ ದಾರಿ!” ಎಂದು ಕೂಗಿ ಎಮ್ಮೆಯ ಪಕ್ಕಕ್ಕೆ ಸೇರಿಕೊಂಡ. ಹಿಂದಿನಿಂದ ನೋಡಿದವರಿಗೆ, ಅವನೇ ಎಮ್ಮೆಗೂ ದಾರಿ ತೋರಿಸುತ್ತಿದ್ದಾನೆ ಎನ್ನಿಸುವಂತೆ ನಡೆದ. ಅರ್ಧ ಗಂಟೆಯಲ್ಲಿ ಅವರೆಲ್ಲ ಟಾರು ರಸ್ತೆಯ ಮೇಲಿದ್ದರು. ಗಂಟೆ ನಾಲ್ಕೂ ಆಗಿರಲಿಲ್ಲ.

“ಭಲೇ ಮೇಷ್ಟ್ರೇ!” ಹೆಡ್‌ಮಾಸ್ಟರು ಬೆನ್ನು ತಟ್ಟಿದರು. “ಎಮ್ಮೆ ಸೈತ ನಿಮ್ಮ ಮಾತು ಕೇಳುತ್ತಲ್ರೀ!” ಆಮೇಲೆ ಅವನನ್ನು ಮೈಲಿಗಲ್ಲಿನ ಬಳಿಗೆ ಕರೆದರು. ದನಿ ತಗ್ಗಿಸಿದರು. “ಪಂಕಜನ ವಿಷಯ ಒಂದು ಮಾತು.”

ಷಣ್ಮುಖಪ್ಪ ಅಂಗಿಯ ಕೆಸರು ಒರೆಸಿಕೊಂಡು ನೆಟ್ಟಗೆ ನಿಂತ.

“ನಿಮ್ಮನ್ನೇ ಮನಸ್ಸಲ್ಲಿಟ್ಕೊಂಡಿದ್ದೆ. ಆದ್ರೆ ನಮ್ಮನೆಯೋಳು ಒಪ್ತಿಲ್ಲ. ದೊಡ್ಡ ಅಳಿಯ ಸರ್ವೆ ಇಲಾಖೆಯೋನು. ವರ್ಷಕ್ಕೆರಡು ಸಲ ಮನೆ ಕಾಣ್ತಾನೆ. ಇನ್ನೊಬ್ಬ ಕಾಡು ಅಲೆಯೋನು ಬೇಡವೇ ಬೇಡ ಅಂತಾಳೆ. ಡ್ರಾಯಿಂಗ್ ಮೇಷ್ಟ್ರು ನೋಡಿ, ಮನೆ ಬಿಟ್ಟು ಹತ್ತಡಿ ಹೋಗೋಕೂ ಹೆದರ್ತಾರೆ. ಅಂಥೋರು ಸಂಜೆ ಐದಕ್ಕೆ ಮನೇಲಿರ್ತಾರೆ. ಪಂಕಜಂಗೂ ಪಾಪ ಅನ್ನಿಸಿದೆ.”

ಅತ್ತ ತೀರ್ಥಪ್ಪ ಒಂಟಿ ಚಪ್ಪಲಿಯಲ್ಲಿ ಕೂತಿದ್ದ. ಪಂಕಜಾಕ್ಷಿ ಅವನ ತಲೆಯ ಮೇಲೆ ಕೊಡೆ ಹಿಡಿದಿದ್ದಳು. ಈಶ್ವರಮ್ಮ ಅವನ ಕಾಲಿಗೆ ಸುಣ್ಣ ಹಚ್ಚುತ್ತಿದ್ದರು.

“ಸಾರ್, ನಿಲ್ಲಿ ಸಾರ್!” ಷಣ್ಮುಖಪ್ಪ ಬೆಳಗಿನಿಂದ ಬಚ್ಚಿಟ್ಟದ್ದನ್ನೆಲ್ಲ ಒಂದೇ ಉಸಿರಿಗೆ ಕಕ್ಕಿದ. “ನಾನು ಕಾಡು ಅಲೆಯೋನೇ ಅಲ್ಲ! ಈ ಕಾಡು ನೋಡಿದ್ದು ಇವತ್ತೇ. ರೇಡಿಯೋ ಭಾಷಣ ಪೂರ್ತಿ ಕಟ್ಟುಕಥೆ. ದಾರಿ ಒಂಚೂರೂ ಗೊತ್ತಿರಲಿಲ್ಲ. ಬೇಕಾದ್ರೆ ಇವನನ್ನೇ ಕೇಳಿ. ಬೀರಯ್ಯ, ಹೇಳಯ್ಯಾ, ನಾವು ಯಾವ ದಾರೀಲಿ ಬಂದ್ವಿ?”

ಬುತ್ತಿ ಇಳಿಸಿ ಅಲ್ಲೇ ಪಕ್ಕದಲ್ಲಿ ಕೂತಿದ್ದ ಬೀರಯ್ಯನ ಕಣ್ಣು ಅರಳಿತು. “ರೇಡಿಯೋದಲ್ಲಿ ಹೇಳಿದ್ದು ನೀವೇನಾ ಬುದ್ಧಿ! ಕೈ ಮುಗೀತೀನಿ. ಹೆಡ್‌ಮೇಷ್ಟ್ರೇ, ಇವ್ರು ಹೇಳಿದ ದಾರೀಲೇ ಬಂದ್ವಿ. ಆ ಬಿದಿರು ಮೆಳೆ ಒಂದನ್ನ ಯಾರೋ ಕಡ್ಕೊಂಡ್ಹೋಗಿರ್ಬೇಕು.”

ಹೆಡ್‌ಮಾಸ್ಟರು ಷಣ್ಮುಖಪ್ಪನ ಹೆಗಲ ಮೇಲೆ ಕೈಯಿಟ್ಟರು. ಅವರ ಕಣ್ಣು ತೇವವಾಗಿತ್ತು. “ಇಷ್ಟು ತಿಳ್ಕೊಂಡೂ ಏನೂ ಗೊತ್ತಿಲ್ಲ ಅಂತೀರಲ್ಲ, ಎಂಥಾ ವಿನಯ ಮೇಷ್ಟ್ರೇ ನಿಮ್ದು! ಸುಮ್ನೆ ಬೇಜಾರು ಮಾಡ್ಕೋಬೇಡಿ. ಮದುವೆ ಆದ್ಮೇಲೆ ಮಗಳು ಅಳಿಯನ್ನ ಇನ್ನೊಂದ್ಸಲ ಇಲ್ಲಿಗೆ ಕರ್ಕೊಂಬನ್ನಿ. ನೀವು ಜೊತೇಲಿದ್ರೆ ನಂಗೆ ಯೋಚ್ನೆ ಇರಲ್ಲ.”