ನಡುಮಹಡಿಯ ಕಾಗದದಜ್ಜ

ಯಾರ ಮನೆಯಲ್ಲಿ ಮದುವೆಯಾಗಲಿ, ಮಗು ಹುಟ್ಟಲಿ, ಹೆಸರು ಹಾಕಿ ಕಾಗದ ಕೊರೆದು ಚಿತ್ರ ಮಾಡಿಕೊಡುವುದು ಅಜ್ರಿಯೇಲರ ಕಸುಬು. ಹಾಗಾಗಿ ಜೆರುಸಲೇಮಿನ ಆ ಓಣಿಗೆಲ್ಲ ಅವರು ಕಾಗದದಜ್ಜ. ಅಜ್ರಿಯೇಲ್ ಅನ್ನುವ ಹೆಸರು ಕರೆಂಟು ಬಿಲ್ಲಿನವರಿಗೆ ಬಿಟ್ಟರೆ ಇನ್ಯಾರಿಗೂ ನೆನಪಿರಲಿಲ್ಲ.

ಇವತ್ತಿನ ತಾಪತ್ರಯ ಶುರುವಾದದ್ದು ಪೊರಕೆಯಿಂದ. ಬೆಳಿಗ್ಗೆಯೇ ಮೇಲಿನ ಮನೆಯ ಫ್ರೂಮಾ ಪೊರಕೆ ಹಿಡಿಯಿಂದ ನೆಲ ಕುಟ್ಟಿದರು, ಅಂದರೆ ಬಾ ಅಂತ. ಅವರ ಮಗ ನಾಹುಮನ ಗಂಡುಮಗುವಿಗೆ ಎಂಟನೇ ದಿನ. ಮಧ್ಯಾಹ್ನ ಓಣಿಯ ಛತ್ರದಲ್ಲಿ ಸುನ್ನತಿ, ಆಗಲೇ ಹೆಸರಿಡುವುದು. ಅಲ್ಲಿಯವರೆಗೆ ಅಪ್ಪ ಹೆಸರಿನ ಗುಟ್ಟು ಬಿಡುವ ಹಾಗಿಲ್ಲ. ಆದರೆ ಹೆಸರು ಕೊರೆದ ಕಾಗದ ಮಾತ್ರ ಆ ಹೊತ್ತಿಗೆ ಛತ್ರದ ಗೋಡೆಯ ಮೇಲಿರಬೇಕಂತೆ.

"ಸತ್ತವರ ಹೆಸರು ತಾನೇ ಇಡೋದು? ನಮ್ಮೆಜಮಾನರದ್ದು ಕೊರೀರಿ, ಫಿಶೆಲ್ ಅಂತ. ಗೋಡೆ ಮೇಲೆ ನೋಡಿದ್ಮೇಲೆ ನಾಹುಮ ಬೇರೆ ಹೆಸರು ಹೇಳ್ತಾನಾ?" ಅಂದು ಫ್ರೂಮಾ ಒಂದು ತಟ್ಟೆ ಶಾವಿಗೆ ಕೂಗೆಲ್ ಕೈಗಿಟ್ಟರು.

ಮನೆಗೆ ಬಂದರೆ ಕೆಳಗಿನಿಂದ ಇನ್ನೊಂದು ಪೊರಕೆ. ಅದು ಗಿಟೆಲ್, ಮಗುವಿನ ತಾಯಿಯ ತಾಯಿ. ಅವರ ಗಂಡ ಕಲ್ಮನ್ ಹೋಗಿ ಇನ್ನೂ ವರ್ಷ ತುಂಬಿಲ್ಲ. ಅಲ್ಲೂ ಅದೇ ಮಾತು, ಅದೇ ಕೂಗೆಲ್, ಮೇಲೆ ಒಂದಿಷ್ಟು ಕಣ್ಣೀರು. ಬೀಗಿತ್ತಿಯರಿಬ್ಬರಿಗೂ ಮಾತಿಲ್ಲ, ಅಜ್ರಿಯೇಲ್ ಮಾತ್ರ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ.

ಪಾಪ, ಅವರಿಗೆ ಬೇಕಿದ್ದದ್ದು ಒಂದು ಒಳ್ಳೆಯ ನಿದ್ದೆ. ಯಾರ ಹೆಸರು ಕೊರೆದರೂ ಇನ್ನೊಬ್ಬರ ಪೊರಕೆ ಜನ್ಮಪೂರ್ತಿ ನಿಲ್ಲುವುದಿಲ್ಲ. ಕೊರೆದ ಕಾಗದವನ್ನು ಮತ್ತೆ ಕೂಡಿಸುವುದಕ್ಕೂ ಆಗುವುದಿಲ್ಲ. ಕಡೆಗೆ ಎರಡು ಕಾಗದ ಕೊರೆದರು. ಎರಡರಲ್ಲೂ ಅವೇ ಸಿಂಹ, ಅವೇ ದಾಳಿಂಬೆ. ನಡುವಿನ ಹೆಸರು ಮಾತ್ರ ಬೇರೆ. ಒಂದರ ಹಿಂದೆ ಒಂದಿಟ್ಟು, ಬಟ್ಟೆ ಮುಚ್ಚಿ ಛತ್ರದ ಗೋಡೆಗೆ ತೂಗುಹಾಕಿದರು. ಹೆಸರು ಹೇಳಿದ ಕೂಡಲೇ ಬೇಡದ್ದನ್ನು ಬಟ್ಟೆಯ ಜೊತೆ ಎಳೆದುಕೊಂಡರಾಯಿತು.

ಮಧ್ಯಾಹ್ನ ಮಗು ಕಿರುಚಿತು, ಜನ ಹರಸಿದರು, ರಬ್ಬಿ ಗಟ್ಟಿಯಾಗಿ ಹೆಸರು ಹೇಳಿದರು. "ಅಜ್ರಿಯೇಲ್."

"ಹ್ಞಾ, ಬಂದೆ," ಅಂದುಬಿಟ್ಟರು ಅಜ್ರಿಯೇಲ್. ಎಷ್ಟೋ ವರ್ಷದ ಮೇಲೆ ಯಾರೋ ಹೆಸರು ಹಿಡಿದು ಕರೆದಿದ್ದರು.

ಇಡೀ ಛತ್ರ ಅವರ ಕಡೆ ತಿರುಗಿತು. ಬದುಕಿರುವವರ ಹೆಸರಿಟ್ಟರೆ ಅವರ ಆಯುಸ್ಸಿಗೇ ಕುತ್ತು ಅಂತ ಅಲ್ಲಿ ಎಲ್ಲರ ನಂಬಿಕೆ. ಪಕ್ಕದಲ್ಲಿದ್ದ ಮುದುಕರೊಬ್ಬರು ಆಗಲೇ ಅಜ್ರಿಯೇಲರ ಕೈ ಹಿಡಿದು ಸಮಾಧಾನ ಹೇಳತೊಡಗಿದರು.

ನಾಹುಮ ಜನರ ನಡುವೆ ನುಗ್ಗಿಕೊಂಡು ಬಂದ. "ಅಜ್ಜ, ನಿಮ್ಮ ಹೆಸರೂ ಅದೇನಾ? ಅಮ್ಮಂಗೂ ಅತ್ತೇಗೂ ಜಗಳ ಬೇಡ, ಎರಡೂ ಮನೇಲಿ ಇಲ್ಲದ ಹೆಸರು ಇಡೋಣ ಅಂತ ಹುಡುಕಿದ್ದೆ."

ಎಂಟು ದಿನದಿಂದ ಮಾತು ಬಿಟ್ಟಿದ್ದ ಫ್ರೂಮಾ ಗಿಟೆಲ್ ಕಡೆ ತಿರುಗಿದರು. "ನೋಡಿದ್ರಾ ಬೀಗಿತ್ತೀ, ನನ್ನ ಕೂಗೆಲ್ ತಿಂದು ತನ್ನ ಹೆಸರನ್ನೇ ತೂರಿಸಿದ್ದಾನೆ."

"ನನ್ನದೂ ತಿಂದಿದ್ದಾನೆ," ಅಂದರು ಗಿಟೆಲ್.

ಅಜ್ರಿಯೇಲ್ ಮನೆಗೆ ಬಂದು ಮೂರನೇ ಕಾಗದ ಮಡಚಿ, ತಮ್ಮ ಹೆಸರನ್ನು ತಾವೇ ಕೊರೆಯಲು ಕೂತರು. ಕೆಳಗಿನಿಂದ ಸದ್ದೇ ಇಲ್ಲ. ಸದ್ಯ, ಒಂದು ಕಾಟ ತಪ್ಪಿತು ಅಂದುಕೊಳ್ಳುವಷ್ಟರಲ್ಲಿ ಗಿಟೆಲ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಮೇಲಿನ ಮನೆಗೆ ಹೋದದ್ದು ಕೇಳಿಸಿತು. ಹೋಗುವಾಗ ತಮ್ಮ ಪೊರಕೆಯನ್ನೂ ಒಯ್ದಿದ್ದರು. ಸ್ವಲ್ಪ ಹೊತ್ತಿಗೆ ಎರಡು ಪೊರಕೆಗಳೂ ಒಟ್ಟಿಗೆ ಅವರ ತಲೆಯ ಮೇಲೆ ಕುಟ್ಟತೊಡಗಿದವು.