ಸದಸ್ಯನಾಗಲು ಇಜೇರಿಗೆ ಹೋದದ್ದು

ಸದಸ್ಯತ್ವವೆಂದರೆ ನನಗೆ ಮೊದಲಿನಿಂದಲೂ ಒಂದು ದೌರ್ಬಲ್ಯ. ಎಲ್ಲಿ ಹೆಸರು ಬರೆಸಿಕೊಳ್ಳುತ್ತಾರೋ ಅಲ್ಲಿ ನಾನು ನಿಂತಿರುತ್ತೇನೆ. ಭಜನಾ ಮಂಡಳಿಗೆ ಸೇರಿದ್ದೇನೆ, ರಾಗ ಬರುವುದಿಲ್ಲ. ವಾಲಿಬಾಲ್ ಸಂಘಕ್ಕೆ ಸೇರಿದ್ದೇನೆ, ಚೆಂಡು ಹತ್ತಿರ ಬಂದರೆ ಕಣ್ಣು ಮುಚ್ಚುತ್ತೇನೆ. ಅಲ್ಲೆಲ್ಲ ಸಲೀಸಾಗಿ ಸೇರಿಸಿಕೊಂಡರು. ನಾನು ನಿಜಕ್ಕೂ ಕೆಲಸ ಮಾಡಿದ ಒಂದೇ ಒಂದು ಕಡೆ ಮಾತ್ರ ಮೂರು ವರ್ಷ ಹೊಸ್ತಿಲಾಚೆಯೇ ಕೂತಿದ್ದೆ.

ಅಫಜಲಪುರದ ಒಂದು ಕಾಲೇಜಿನಲ್ಲಿ ನಾನು ಗ್ರಂಥಪಾಲಕ. ಓದುಗರು ಯಾರೂ ಬಾರದ ಒಂದು ಮಧ್ಯಾಹ್ನ ಕಂಪ್ಯೂಟರಿನಲ್ಲಿ ನಮ್ಮೂರು ಅತನೂರಿನ ಹೆಸರು ಟೈಪು ಮಾಡಿದೆ. ಕೆಳಗೆ ಕೆಂಪು ಗೆರೆ ಬಂತು. ಇಂಥ ಪದವೇ ಇಲ್ಲವಂತೆ. ನಾನು ಹುಟ್ಟಿದ ಜಾಗವೇ ಕಾಗುಣಿತ ದೋಷವೆಂದು ತಿಳಿದು ಬೇಜಾರಾಯಿತು. ವಿಚಾರಿಸಿದರೆ, ಆ ಕಾಗುಣಿತ ನೋಡುವ ತಂತ್ರಾಂಶ ಯಾವ ಕಂಪನಿಯ ಸ್ವತ್ತೂ ಅಲ್ಲ. ಊರೂರಿನ ಜನ ಬಿಡುವಿನಲ್ಲಿ ಸೇರಿ ಕಟ್ಟಿದ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಕೈಜೋಡಿಸಬಹುದು. ಅಂದಿನಿಂದ ನಮ್ಮ ಕಡೆಯ ಊರು, ಬೆಳೆ, ಅಡುಗೆಗಳ ಹೆಸರುಗಳನ್ನು ಪಟ್ಟಿ ಮಾಡಿ ‘ಭೀಮಾಪ್ರಿಯ’ ಎಂಬ ನನ್ನ ಹಳೆಯ ಕಾವ್ಯನಾಮದಲ್ಲಿ ಕಳಿಸತೊಡಗಿದೆ.

ಆದರೆ ಪಟ್ಟಿಯನ್ನು ನೇರವಾಗಿ ಅಪ್‌ಲೋಡ್ ಮಾಡುವ ಹಕ್ಕು ಆ ಬಳಗದ ಸದಸ್ಯರಿಗೆ ಮಾತ್ರ. ನಾನು ಕಳಿಸಿದ್ದನ್ನು ಎಂ. ಪಟೇಲ್ ಎಂಬ ಸದಸ್ಯರು ತಿದ್ದಿ, ತಮ್ಮ ಹೆಸರಿನಲ್ಲಿ ಏರಿಸುತ್ತಿದ್ದರು. ನಾನು ಕಿಟಕಿಯಾಚೆ ಬೇವಿನ ಮರ ತೂಗುವುದನ್ನು ನೋಡುತ್ತ ಕನಸು ಕಾಣುತ್ತಿದ್ದೆ. ನಾನೇ ಒಂದು ಗುಂಡಿ ಒತ್ತುತ್ತೇನೆ. ನನ್ನ ಪದಗಳು ಗುಬ್ಬಿಗಳ ಹಾಗೆ ಎದ್ದು, ಗಡಿಯ ಖಜೂರಿ ಊರಲ್ಲಿ ಟ್ರಕ್ಕು ನಿಲ್ಲಿಸಿ ಚಹಾ ಕುಡಿಯುವ ಡ್ರೈವರನ ಮೊಬೈಲಿನಲ್ಲಿ ಹೋಗಿ ಕೂರುತ್ತವೆ. ಇಂಥ ಕನಸಿನ ನಡುವೆ ಎಷ್ಟೋ ಪುಸ್ತಕಗಳನ್ನು ತಪ್ಪು ಕಪಾಟಿಗೆ ಸೇರಿಸಿದ್ದೇನೆ.

ಕೊನೆಗೆ ಪಟೇಲರೇ ಬರೆದರು: ‘ನೀವೇ ಸದಸ್ಯತ್ವಕ್ಕೆ ಅರ್ಜಿ ಹಾಕಿರಿ. ಆದರೆ ಸದಸ್ಯರೊಬ್ಬರು ನಿಮ್ಮನ್ನು ಮುಖಾಮುಖಿ ಕಂಡು, ಗುರುತಿನ ಚೀಟಿ ನೋಡಿ, ಇವರು ಇವರೇ ಎಂದು ಖಾತ್ರಿಪಡಿಸಬೇಕು. ನಾನಿರುವುದು ಜೇವರ್ಗಿ ಹತ್ತಿರದ ಇಜೇರಿಯಲ್ಲಿ.’ ಯಾವುದೋ ಮಹಾನಗರದ ಹತ್ತನೇ ಮಹಡಿಯಲ್ಲಿ ನಾನು ಮನಸ್ಸಿನಲ್ಲೇ ಕೂರಿಸಿದ್ದ ಮನುಷ್ಯ ಎರಡು ಬಸ್ಸಿನಾಚೆ ಇದ್ದರು.

ಭಾನುವಾರ ಹೊರಟೆ. ಹಾದಿಯುದ್ದಕ್ಕೂ ತೊಗರಿ ಹೂಬಿಟ್ಟಿತ್ತು. ಆ ಹಳದಿಯಲ್ಲಿ ತೇಲುತ್ತ, ಭಾಷಾಸೇವೆಯ ಬಗ್ಗೆ ಒಂದು ಸಣ್ಣ ಭಾಷಣ ಸಿದ್ಧ ಮಾಡಿಕೊಂಡೆ. ಇಜೇರಿಯಲ್ಲಿ ಕದ ತೆರೆದವರು ಐವತ್ತರ ಆಸುಪಾಸಿನ ಹೆಣ್ಣುಮಗಳು.

“ಪಟೇಲ್ ಸರ್ ಅದಾರೇನ್ರಿ?”

“ನಾನೇರಿ, ಮೆಹರುನ್ನಿಸಾ ಪಟೇಲ್. ಹೈಸ್ಕೂಲಿನಾಗ ಗಣಿತ ಕಲಿಸ್ತೇನಿ. ಒಳಗ ಬರ್ರಿ.”

ನಾನು ಕುರ್ಚಿಯ ಅಂಚಿನಲ್ಲಿ ಕೂತೆ. “ಮೂರು ವರ್ಷ ಸರ್ ಸರ್ ಅಂತ ಬರದೀನಲ್ರಿ ಮೇಡಂ. ಒಮ್ಮೆಯಾದ್ರೂ ಹೇಳಬಾರದಿತ್ತೇನ್ರಿ?”

“ನಿಮ್ಮ ಪಟ್ಟಿಯಾಗ ತಿದ್ದೋದು ಭಾಳ ಇತ್ರಿ. ಅದೊಂದು ಬಿಟ್ಟೆ.”

ಚಹಾ ಕೊಟ್ಟು, ನನ್ನ ಗುರುತಿನ ಚೀಟಿ ತೆಗೆದುಕೊಂಡು, ಉತ್ತರಪತ್ರಿಕೆ ನೋಡುವ ಹಾಗೆ ನೋಡಿದರು.

“ಇದರಾಗ ಶರಣಬಸಪ್ಪ ಅಂತ ಐತಲ್ರಿ. ಭೀಮಾಪ್ರಿಯ ಯಾರು?”

“ಅದೂ ನಾನೇರಿ.”

“ಇಲ್ಲಿ ಒಬ್ಬರಿಗೇ ಸಹಿ ಹಾಕಾಕ ಬರ್ತದ್ರಿ. ಒಬ್ಬರನ್ನ ಬಿಡ್ರಿ.”

ಇಪ್ಪತ್ತು ವರ್ಷದ ಕಾವ್ಯನಾಮವನ್ನು ಆ ಕುರ್ಚಿಯಲ್ಲೇ ಬಿಟ್ಟೆ. ಇನ್ನೇನು ಸಹಿ ಹಾಕುತ್ತಾರೆ ಎನ್ನುವಾಗ ಅವರು ಪೆನ್ನು ಕೆಳಗಿಟ್ಟರು.

“ಒಂದು ಮಾತು ಹೇಳೋದೈತಿ. ಹೋದ ವರ್ಷ ನೀವು ಕಳಿಸಿದ ಪಟ್ಟಿಯಾಗ ‘ಹಾಲು’ ಅನ್ನೋದು ಹೋಗಿ ಬರೀ ‘ಹಾಳು’ ಉಳಿದಿತ್ರಿ. ನಾನೂ ನೋಡಲಿಲ್ಲ, ಏರಿಸಿಬಿಟ್ಟೆ. ಒಂದು ವಾರ, ಯಾರು ಹಾಲು ಅಂತ ಬರದ್ರೂ ಕಂಪ್ಯೂಟರ್ ಹಾಳು ಮಾಡ್ತಿತ್ತು. ಬೈದು ಬರದ ಪತ್ರ ಎಷ್ಟು ಬಂದ್ವೋ ಲೆಕ್ಕ ಇಲ್ಲ. ಹೆಸರು ನಂದಿತ್ತಲ್ರಿ, ಎಲ್ಲಾರಿಗೂ ತಪ್ಪಾತು ಅಂತ ಬರದೆ.”

ಆ ವಾರವೆಲ್ಲ ನಾನು ಬೇವಿನ ಮರ ನೋಡುತ್ತ ಗುಬ್ಬಿ ಹಾರಿಸುತ್ತಿದ್ದೆ. “ನನಗ್ಯಾಕ ಹೇಳಲಿಲ್ರಿ?” ಎಂದೆ.

“ಹೇಳಿದ್ರ ನೀವು ಕೆಲಸ ಬಿಟ್ಟುಬಿಡ್ತಿದ್ರಿ. ಪದ ಛಲೋ ಆರಿಸ್ತೀರಿ, ಬಿಡಬಾರದು ಅನಸ್ತು. ಈಗ ಹೇಳಾಕತ್ತೇನಿ, ಯಾಕಂದ್ರ ಇನ್ನ ಮ್ಯಾಲ ಆ ಪತ್ರ ನಿಮಗ ಬರ್ತಾವ. ಹಕ್ಕು ಬೇಕೇನ್ರಿ?”

ಭಾಷಾಸೇವೆಯ ಭಾಷಣ ಎಲ್ಲಿ ಹೋಯಿತೋ. “ಬೇಕ್ರಿ” ಎಂಬ ಒಂದೇ ಪದ ಹೊರಬಂತು. ಅವರು ಸಹಿ ಹಾಕಿದರು.

ಕೆಲವು ವಾರಗಳಲ್ಲಿ ಆ ತಂತ್ರಾಂಶದ ಬಳಗ ನನ್ನನ್ನು ಸದಸ್ಯನೆಂದು ಒಪ್ಪಿತು. ಹಕ್ಕು ಕೈಗೆ ಬಂದ ಮೇಲೆ ಗುಂಡಿ ಒತ್ತಲು ಬೆರಳು ಏಳಲೊಲ್ಲದು. ‘ಮೆಂತ್ಯ’ ಎಂಬ ಒಂದು ಪದವನ್ನೇ ಮೂರು ದಿನ ಪರೀಕ್ಷಿಸಿದೆ. ಪ್ರತಿಯೊಂದನ್ನೂ ಮೆಹರುನ್ನಿಸಾ ಮೇಡಂಗೆ ತೋರಿಸೋಣವೆಂದುಕೊಂಡು, ನಾಚಿಕೆಯಾಗಿ ಬಿಟ್ಟೆ. ಕಡೆಗೆ ಕಣ್ಣು ಮುಚ್ಚಿ ಪಟ್ಟಿ ಏರಿಸಿದೆ. ನಾಲ್ಕನೇ ದಿನ, ಮೈಸೂರು ಕಡೆಯ ಯಾರೋ ಒಬ್ಬರ ಪತ್ರ: ‘ಸೊಪ್ಪು ಎಂದು ಬರೆದರೆ ಸೋಪು ಆಗುತ್ತಿದೆ. ಈ ಅವಾಂತರ ಮಾಡಿದ ಶರಣಬಸಪ್ಪ ಎಂಬುವವರು ಯಾರು?’

ಪತ್ರವನ್ನು ಹೆಂಡತಿ ನಾಗಮ್ಮನಿಗೆ ತೋರಿಸಿದೆ. ಅವಳು ಎರಡು ಸಲ ಓದಿ ಕೇಳಿದಳು: “ಹಿಂಗ ಅನ್ನಿಸಿಕೊಳ್ಳಾಕ ಇಜೇರಿ ತನಕ ಹೋಗಿದ್ರೇನ್ರಿ?”

ಹೌದು ಎಂದೆ. ತಪ್ಪು ಸರಿಪಡಿಸಿ, ಕ್ಷಮೆ ಕೇಳಿ ಉತ್ತರ ಬರೆದೆ. ಕೆಳಗೆ ನನ್ನ ಪೂರ್ತಿ ಹೆಸರು, ತಂದೆಯ ಹೆಸರು, ಅಫಜಲಪುರ ಎಂದೆಲ್ಲ ಬಿಡಿಸಿ ಬರೆದೆ. ಆ ಬೈಗುಳ ತಪ್ಪಿ ಬೇರೆ ಯಾವ ಶರಣಬಸಪ್ಪನಿಗೂ ಸೇರಿಬಿಡಬಾರದಲ್ಲ.